ನಿಧಾನವಾಗಿ ನಡೆದು ನೋಡಬೇಕಾದ ನಗರ: ಸರಾಯೆವೊ

ಪ್ರವಾಸವೆಂದರೆ ಇಂದು ಓಟ ಎಂಬಂತಾಗಿದೆ. ಐದು ದಿನಗಳಲ್ಲಿ ಏಳು ಊರು, ಬಸ್ಸಿನ ಕಿಟಕಿಯಿಂದ ಒಂದು ಅರಮನೆ, ಬಾಗಿಲಲ್ಲಿ ನಿಂತು ಒಂದು ಫೋಟೋ, ಮತ್ತೆ ಬಸ್ಸು. ಮಕ್ಕಳು ಸುಸ್ತಾಗಿ ಅಳುತ್ತಾರೆ, ಹಿರಿಯರಿಗೆ ಮೊಣಕಾಲು ನೋವು. ಮನೆಗೆ ಮರಳಿದ ಮೇಲೆ ಯಾವ ಊರಿನಲ್ಲಿ ಏನು ನೋಡಿದೆವು ಎಂಬುದು ಫೋಟೋ ನೋಡಿದರೆ ಮಾತ್ರ ನೆನಪಾಗುತ್ತದೆ. ಯುರೋಪ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಲಂಡನ್, ಪ್ಯಾರಿಸ್, ರೋಮ್‌ಗಳಂಥ ಮಹಾನಗರಗಳು. ಆದರೆ ಒಂದೇ ಕೇಂದ್ರದಿಂದ ಹೊರಟು, ಟ್ಯಾಕ್ಸಿ ಹಿಡಿಯದೆ, ನಡುನಡುವೆ ಕುಳಿತು, ಮೂರು ದಿನಗಳಲ್ಲಿ ಮನಸಾರೆ ನೋಡಿ ಮುಗಿಸಬಹುದಾದ ಪುಟ್ಟ ರಾಜಧಾನಿಗಳೂ ಯುರೋಪಿನಲ್ಲಿವೆ. ಬೋಸ್ನಿಯಾ-ಹರ್ಝೆಗೊವಿನಾದ ರಾಜಧಾನಿ ಸರಾಯೆವೊ ಅವುಗಳಲ್ಲೊಂದು.

ಈ ನಗರವನ್ನು ಆರಿಸಲು ಇನ್ನೊಂದು ಕಾರಣವೂ ಇದೆ. ಮೂವತ್ತು ವರ್ಷಗಳ ಹಿಂದೆ ಇದೇ ಊರಿನ ಬೀದಿಗಳಲ್ಲಿ ನಡೆಯುವುದೆಂದರೆ ಪ್ರಾಣವನ್ನು ಅಂಗೈಯಲ್ಲಿ ಹಿಡಿದು ನಡೆಯುವುದಾಗಿತ್ತು. ಇಂದು ಅಲ್ಲಿ ತಾಯಂದಿರು ಮಗುವಿನ ಗಾಡಿ ತಳ್ಳುತ್ತಾ ಸಂಜೆಯ ಹೊತ್ತು ಆರಾಮವಾಗಿ ಅಡ್ಡಾಡುತ್ತಾರೆ. ಆ ಆರಾಮಕ್ಕೆ ಆ ಊರು ತೆತ್ತ ಬೆಲೆ ಏನೆಂದು ತಿಳಿದು ನಡೆದರೆ ಮಾತ್ರ ಸರಾಯೆವೊ ಅರ್ಥವಾಗುತ್ತದೆ.

ಬಟ್ಟಲಿನೊಳಗಿನ ಊರು

ಬೋಸ್ನಿಯಾ ದೊಡ್ಡ ದೇಶವೇನಲ್ಲ. ವಿಸ್ತಾರದಲ್ಲಿ ನಮ್ಮ ಕರ್ನಾಟಕದ ಕಾಲು ಭಾಗಕ್ಕಿಂತ ತುಸು ಹೆಚ್ಚು. 2013ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಸುಮಾರು 35 ಲಕ್ಷ. ಅದರಲ್ಲಿ ಅರ್ಧದಷ್ಟು ಮಂದಿ ಮುಸ್ಲಿಮರು, ಉಳಿದವರಲ್ಲಿ ಹೆಚ್ಚಿನವರು ಆರ್ಥೊಡಾಕ್ಸ್ ಮತ್ತು ಕ್ಯಾಥೊಲಿಕ್ ಕ್ರೈಸ್ತರು. ಸರಾಯೆವೊ ನಗರದೊಳಗಿನ ಜನಸಂಖ್ಯೆ ಮೂರು ಲಕ್ಷವನ್ನೂ ಮುಟ್ಟುವುದಿಲ್ಲ.

ಸುತ್ತಲೂ ಬೆಟ್ಟಗಳು, ನಡುವೆ ಬಟ್ಟಲಿನ ತಳದಂಥ ಕಣಿವೆ, ಕಣಿವೆಯ ಉದ್ದಕ್ಕೂ ಪೂರ್ವದಿಂದ ಪಶ್ಚಿಮಕ್ಕೆ ಹರಿಯುವ ಮಿಲ್ಯಾತ್ಸ್ಕಾ ಎಂಬ ಚಿಕ್ಕ ನದಿ. ನದಿಯ ದಡ ಹಿಡಿದು ನಡೆದರೆ ದಾರಿ ತಪ್ಪುವ ಭಯವಿಲ್ಲ. ಊರು ಬೆಳೆದದ್ದೂ ನದಿಯ ಜೊತೆಗೇ. ಪೂರ್ವದಲ್ಲಿ ಉಸ್ಮಾನಿಯ ಕಾಲದ ಹಳೆಯ ಪೇಟೆ, ಅದಕ್ಕೆ ತಾಗಿ ಆಸ್ಟ್ರಿಯಾದ ಚಕ್ರಾಧಿಪತ್ಯ ಕಟ್ಟಿದ ಎತ್ತರದ ಕಟ್ಟಡಗಳು, ಮುಂದೆ ಯುಗೊಸ್ಲಾವಿಯಾ ಕಾಲದ ವಸತಿ ಸಮುಚ್ಚಯಗಳು. ಪಶ್ಚಿಮಕ್ಕೆ ನಡೆದಷ್ಟೂ ಶತಮಾನಗಳು ಒಂದೊಂದಾಗಿ ದಾಟುತ್ತವೆ.

ಊರಿಗೆ ಅಡಿಪಾಯ ಹಾಕಿದವರು ಉಸ್ಮಾನಿಯ ರಾಜ್ಯಪಾಲರಾಗಿದ್ದ ಈಸಾ ಬೇಗ್ ಇಸಾಕೊವಿಚ್. ಮಸೀದಿ, ಸೇತುವೆ, ಸ್ನಾನಗೃಹ, ಪ್ರಯಾಣಿಕರ ತಂಗುದಾಣಗಳನ್ನು ಕಟ್ಟಿಸಿ 1462ರಲ್ಲಿ ಅವುಗಳಿಗೆ ವಕ್ಫ್ ಪತ್ರ ಬರೆಸಿದರು. ರಾಜ್ಯಪಾಲರ 'ಸರಾಯ್' ಇದ್ದ ಬಯಲು ಎಂಬುದೇ ಮುಂದೆ ಸರಾಯೆವೊ ಆಯಿತು. ಆ 'ಸರಾಯ್' ನಮಗೇನೂ ಹೊಸ ಶಬ್ದವಲ್ಲ. ಉರ್ದುವಿನಲ್ಲಿ ಪ್ರಯಾಣಿಕರು ತಂಗುವ ಮನೆಗೆ ಇಂದಿಗೂ ಅದೇ ಹೆಸರು.

ನೀರಿನಿಂದ ಆರಂಭಿಸೋಣ

ಹಳೆಯ ಪೇಟೆಯ ಹೆಸರು ಬಾಶ್‌ಚಾರ್ಶಿಯಾ. ಮುಖ್ಯ ಪೇಟೆ ಎಂದು ಅದರ ಅರ್ಥ. ಚೌಕದ ನಡುವೆ ಮರದ ಕೆತ್ತನೆಯ ಒಂದು ಪುಟ್ಟ ನೀರಿನ ಮಂಟಪವಿದೆ. ಅದರ ಸುತ್ತ ಸದಾ ಪಾರಿವಾಳಗಳ ಹಿಂಡು. 'ಸೆಬಿಲ್' ಎಂದು ಅದನ್ನು ಕರೆಯುತ್ತಾರೆ. ಅರಬಿಯ 'ಸಬೀಲ್' ಎಂದರೆ ಮಾರ್ಗ. ಅಲ್ಲಾಹನ ಮಾರ್ಗದಲ್ಲಿ ದಾರಿಹೋಕರಿಗೆ ಉಚಿತವಾಗಿ ಕೊಡುವ ನೀರಿಗೂ ಅದೇ ಹೆಸರು ಬಂತು. ಮೆಹ್ಮದ್ ಪಾಷಾ ಕುಕಾವಿತ್ಸಾ ಎಂಬ ವಝೀರರು 1753ರಲ್ಲಿ ಇಲ್ಲಿ ಸೆಬಿಲ್ ಕಟ್ಟಿಸಿದರು. ಈಗ ಕಾಣುವ ಮಂಟಪ ಆಸ್ಟ್ರಿಯಾ ಆಡಳಿತದ ಕಾಲದಲ್ಲಿ ಹೊಸದಾಗಿ ಎದ್ದು ನಿಂತದ್ದು. ಇದರ ನೀರು ಕುಡಿದವರು ಮತ್ತೊಮ್ಮೆ ಈ ಊರಿಗೆ ಬಂದೇ ಬರುತ್ತಾರೆ ಎಂಬುದು ಊರವರ ಮಾತು.

ಸೆಬಿಲ್‌ನಿಂದ ನಾಲ್ಕು ಹೆಜ್ಜೆ ಇಟ್ಟರೆ ತಾಮ್ರದ ಮೇಲೆ ಸುತ್ತಿಗೆ ಬೀಳುವ ಸದ್ದು ಕೇಳುತ್ತದೆ. ಅದು ಕಝಂಜಿಲುಕ್, ತಾಮ್ರದ ಕೆಲಸಗಾರರ ಓಣಿ. ಹಿಂದೆ ಈ ಪೇಟೆಯಲ್ಲಿ ಒಂದೊಂದು ಕಸುಬಿಗೆ ಒಂದೊಂದು ಬೀದಿ ಇತ್ತು. ಜೀನು ಮಾಡುವವರ ಸರಾಚಿ ಬೀದಿಯ ಹೆಸರು ಇನ್ನೂ ಉಳಿದಿದೆ. ಕಝಂಜಿಲುಕ್‌ನಲ್ಲಿ ಕಾಫಿ ಪಾತ್ರೆ, ತಟ್ಟೆ, ಹೂಜಿಗಳ ನಡುವೆ ಖಾಲಿ ಗುಂಡಿನ ಕೋಶದಿಂದ ಮಾಡಿದ ಪೆನ್ನುಗಳು, ಶೆಲ್ಲುಗಳ ಹಿತ್ತಾಳೆಯ ಮೇಲೆ ಹೂಬಳ್ಳಿ ಕೆತ್ತಿದ ಹೂದಾನಿಗಳು ಕಾಣಿಸುತ್ತವೆ. ಯುದ್ಧದಲ್ಲಿ ಊರಿನ ಮೇಲೆ ಬಿದ್ದ ಲೋಹವನ್ನೇ ಕಸುಬಿನವರು ಹೀಗೆ ಮನೆಯಲ್ಲಿಡುವ ವಸ್ತುವನ್ನಾಗಿ ಮಾಡಿದರು.

ಇಲ್ಲಿನ ಬೋಸ್ನಿಯನ್ ಭಾಷೆ ಸ್ಲಾವಿಕ್ ಕುಟುಂಬದ್ದು. ನಮ್ಮ ಕನ್ನಡಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೂ ಕಿವಿಗೊಟ್ಟರೆ ಪರಿಚಿತ ಶಬ್ದಗಳು ಬೀಳುತ್ತವೆ. ಜೇಬಿಗೆ 'ಜೆಪ್', ಅಂಗಡಿಗೆ 'ದುಚಾನ್', ಶೋರ್ಬಾಕ್ಕೆ 'ಚೋರ್ಬಾ', ಕೇರಿಗೆ 'ಮಹಾಲಾ', ಜಮಾಅತ್‌ಗೆ 'ಜೆಮಾತ್', ವಕ್ಫ್‌ಗೆ 'ವಾಕುಫ್'. ಅರಬಿ, ಪಾರ್ಸಿ ಶಬ್ದಗಳು ತುರ್ಕಿಯ ಮೂಲಕ ಅತ್ತ ಹೋದವು, ಉರ್ದುವಿನ ಮೂಲಕ ಇತ್ತ ನಮ್ಮ ಮನೆಗಳಿಗೆ ಬಂದವು.

ಒಂದು ವಕ್ಫ್ ಕಟ್ಟಿದ ನಗರ

ಸರಾಚಿ ಬೀದಿಯಲ್ಲೇ ಘಾಝಿ ಹುಸ್ರೆವ್ ಬೇಗ್ ಮಸೀದಿಯ ಅಂಗಳದ ಬಾಗಿಲು. ಹುಸ್ರೆವ್ ಬೇಗ್ ತಾಯಿಯ ಕಡೆಯಿಂದ ಸುಲ್ತಾನ್ ಎರಡನೇ ಬಾಯಝೀದರ ಮೊಮ್ಮಗ. 1521ರಲ್ಲಿ ಬೋಸ್ನಿಯಾದ ರಾಜ್ಯಪಾಲರಾಗಿ ಬಂದು 1541ರಲ್ಲಿ ತೀರಿಕೊಳ್ಳುವವರೆಗೆ ತಮ್ಮ ಸಂಪತ್ತಿನ ದೊಡ್ಡ ಪಾಲನ್ನು ಈ ಊರಿಗೆ ವಕ್ಫ್ ಮಾಡಿದರು. 1531ರ ಸುಮಾರಿಗೆ ಮಸೀದಿ ಪೂರ್ಣಗೊಂಡಿತು. ಅದರ ಜೊತೆಗೆ ಮದ್ರಸ, ಬಡವರಿಗೆ ಅನ್ನ ನೀಡುವ ಪಾಕಶಾಲೆ, ಸ್ನಾನಗೃಹ, ಛಾವಣಿಯುಳ್ಳ ಮಾರುಕಟ್ಟೆ ಎಲ್ಲವೂ ಬಂದವು. ಅಂಗಡಿಗಳ ಬಾಡಿಗೆಯಿಂದ ಮದ್ರಸ ನಡೆಯಬೇಕು, ಅಡುಗೆಮನೆಯ ಒಲೆ ಉರಿಯಬೇಕು ಎಂಬ ಲೆಕ್ಕಾಚಾರ ಆ ಪತ್ರಗಳಲ್ಲೇ ಇತ್ತು. ವಕ್ಫ್ ಎಂದರೆ ಒಮ್ಮೆ ಕೊಟ್ಟು ಕೈತೊಳೆದುಕೊಳ್ಳುವ ದಾನವಲ್ಲ, ತಲೆಮಾರುಗಳವರೆಗೆ ನಡೆಯುವ ಏರ್ಪಾಡು ಎಂಬುದನ್ನು ಇಲ್ಲಿ ಕಣ್ಣಾರೆ ನೋಡಬಹುದು.

ಅಂಗಳದ ನಡುವೆ ವುಝೂ ಮಾಡುವ ಕಾರಂಜಿ, ಹಳೆಯ ಮರಗಳ ನೆರಳು. ಹೊರಗೆ ಗದ್ದಲವಿದ್ದರೂ ಒಳಗೆ ನೀರಿನ ಸದ್ದೇ ದೊಡ್ಡದು. ಮಹಿಳೆಯರಿಗೆ ನಮಾಝ್‌ಗೆ ಇಲ್ಲಿ ಜಾಗವಿದೆ. ಬೋಸ್ನಿಯಾದ ಮಸೀದಿಗಳಲ್ಲಿ ಮಹಿಳೆಯರ ಬರುವಿಕೆ ಸಹಜವಾದ ಸಂಗತಿ. ಪ್ರವಾಸಿಗಳಿಗೂ ನಮಾಝ್‌ನ ಹೊತ್ತು ಬಿಟ್ಟು ಪ್ರವೇಶವಿದೆ.

ಎದುರಿಗೇ ಇದೆ ಮದ್ರಸ. 1537ರಲ್ಲಿ ಹುಸ್ರೆವ್ ಬೇಗ್ ಇದನ್ನು ತಮ್ಮ ತಾಯಿ ಸೆಲ್ಜುಕಾರ ಹೆಸರಿನಲ್ಲಿ ಸ್ಥಾಪಿಸಿದರು. ಸೀಸದ ಹಾಳೆ ಹೊದಿಸಿದ ಗುಮ್ಮಟಗಳಿಂದಾಗಿ ಜನ ಇದನ್ನು 'ಕುರ್ಶುಮ್ಲಿಯಾ' ಎಂದರು, 'ಕುರ್ಶುಮ್' ಎಂದರೆ ಸೀಸ. ಮದ್ರಸದಲ್ಲಿ ಓದಿ, ಮದ್ರಸದಲ್ಲಿ ಕಲಿಸುವ ನನ್ನಂಥವರಿಗೆ ಇದರ ಸ್ಥಾಪನಾ ಪತ್ರದ ಎರಡು ಅಂಶಗಳು ಬಹಳ ಮುಖ್ಯವೆನಿಸುತ್ತವೆ. ತಫ್ಸೀರ್, ಹದೀಸ್, ಫಿಕ್ಹ್‌ಗಳ ಜೊತೆಗೆ ರೂಢಿ ಮತ್ತು ಸ್ಥಳ ಬೇಡುವ ಬೇರೆ ವಿದ್ಯೆಗಳನ್ನೂ ಕಲಿಸಬೇಕೆಂದು ಅದು ಹೇಳುತ್ತದೆ. ದೀನಿ ವಿದ್ಯೆ ಬೇರೆ, ದುನಿಯಾದ ವಿದ್ಯೆ ಬೇರೆ ಎಂದು ನಾವು ಇಂದಿಗೂ ಚರ್ಚೆ ಮಾಡುತ್ತಿದ್ದೇವೆ. ಆ ಪತ್ರ ಬರೆಸಿದವರು ಸುಮಾರು ಐನೂರು ವರ್ಷಗಳ ಹಿಂದೆಯೇ ಆ ಬಾಗಿಲನ್ನು ತೆರೆದಿಟ್ಟಿದ್ದರು. ಎರಡನೆಯದು, ಕಟ್ಟಡದ ಖರ್ಚು ಕಳೆದು ಉಳಿದ ಹಣದಲ್ಲಿ ಒಳ್ಳೆಯ ಪುಸ್ತಕಗಳನ್ನು ಕೊಳ್ಳಬೇಕು ಎಂಬ ಸೂಚನೆ. ಘಾಝಿ ಹುಸ್ರೆವ್ ಬೇಗ್ ಗ್ರಂಥಾಲಯ ಹುಟ್ಟಿದ್ದು ಹಾಗೆ. ಈ ಮದ್ರಸದಲ್ಲಿ ಇಂದು ಹುಡುಗಿಯರೂ ಓದುತ್ತಾರೆ. ಇಲ್ಲಿಂದ ಹೊರಬಂದವರು ಯಾವುದೇ ವಿಶ್ವವಿದ್ಯಾನಿಲಯಕ್ಕೂ ಸೇರಬಹುದು.

1992ರ ಯುದ್ಧ ಆರಂಭವಾದಾಗ ಈ ಗ್ರಂಥಾಲಯದ ಸಾವಿರಾರು ಹಸ್ತಪ್ರತಿಗಳು ಅಪಾಯಕ್ಕೆ ಸಿಲುಕಿದವು. ನಿರ್ದೇಶಕರಾಗಿದ್ದ ಮುಸ್ತಫಾ ಯಾಹಿಚ್ ಮತ್ತು ಅವರ ಬೆರಳೆಣಿಕೆಯ ಸಂಗಡಿಗರು ಅವನ್ನು ಬಾಳೆಹಣ್ಣಿನ ಪೆಟ್ಟಿಗೆಗಳಲ್ಲಿ ತುಂಬಿ, ಗುಂಡಿನ ನಡುವೆ, ಕೈಯಲ್ಲೇ ಹೊತ್ತು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹಲವು ಬಾರಿ ಸಾಗಿಸಿದರು. ಹೊತ್ತವರಲ್ಲಿ ಕಾಂಗೋದಿಂದ ಬಂದಿದ್ದ ರಾತ್ರಿ ಕಾವಲುಗಾರರೊಬ್ಬರೂ ಇದ್ದರು. 2014ರಲ್ಲಿ ಗ್ರಂಥಾಲಯ ಮದ್ರಸದ ಪಕ್ಕದಲ್ಲೇ ಹೊಸ ಕಟ್ಟಡಕ್ಕೆ ಬಂತು. ಆ ಹಸ್ತಪ್ರತಿಗಳು ಈಗ ಅಲ್ಲಿವೆ.

ಮಸೀದಿಯ ಬಳಿಯ ಗಡಿಯಾರ ಗೋಪುರ ನೋಡಿ ನಿಮ್ಮ ಕೈಗಡಿಯಾರ ಸರಿಪಡಿಸಲು ಹೋಗಬೇಡಿ. ಅದು ಸೂರ್ಯಾಸ್ತಕ್ಕೆ ಹನ್ನೆರಡು ತೋರಿಸುತ್ತದೆ. ಮಗ್ರಿಬ್‌ನೊಂದಿಗೆ ಹೊಸ ದಿನ ಆರಂಭ ಎಂಬ ಹಳೆಯ ಲೆಕ್ಕ. ಸೂರ್ಯಾಸ್ತದ ಸಮಯ ಬದಲಾದಂತೆ ಮುಳ್ಳುಗಳನ್ನು ತಿದ್ದಲು ಒಬ್ಬರು ಗೋಪುರ ಹತ್ತುತ್ತಾರೆ. ಆ ಕೆಲಸದವರಿಗೆ 'ಮುವೆಕಿತ್' ಎಂದು ಹೆಸರು, ನಮ್ಮ 'ವಕ್ತ್' ಶಬ್ದದ ಬಂಧು.

ಕಾಫಿಗೆ ಕುಳಿತರೆ

ಸರಾಯೆವೊದಲ್ಲಿ ಕಾಫಿ ಎಂದರೆ ನಿಂತು ಕುಡಿದು ಹೋಗುವ ಪಾನೀಯವಲ್ಲ. ತಾಮ್ರದ ತಟ್ಟೆಯಲ್ಲಿ ಉದ್ದ ಹಿಡಿಯ ಪುಟ್ಟ ಪಾತ್ರೆ, ಅದಕ್ಕೆ 'ಜೆಜ್ವಾ' ಎನ್ನುತ್ತಾರೆ. ಜೊತೆಗೆ ಹಿಡಿಯಿಲ್ಲದ ಸಣ್ಣ ಬಟ್ಟಲು, ಒಂದು ಲೋಟ ನೀರು, ಸಕ್ಕರೆಯ ತುಂಡು, ಲೋಕುಮ್ ಎಂಬ ಮೆತ್ತನೆಯ ಸಿಹಿ. ಕುದಿಸಿದ ನೀರಿನಲ್ಲಿ ಸ್ವಲ್ಪ ತೆಗೆದಿಟ್ಟು, ಪುಡಿಗೆ ಉಳಿದ ನೀರು ಹಾಕಿ ನೊರೆ ಏರಿಸಿ, ಕೊನೆಗೆ ತೆಗೆದಿಟ್ಟ ನೀರು ಸೇರಿಸುವುದು ಇವರ ಕ್ರಮ. ಸಕ್ಕರೆಯ ತುಂಡನ್ನು ಕಾಫಿಯಲ್ಲಿ ಅದ್ದಿ ಕಚ್ಚಿ, ಮೇಲೆ ಒಂದು ಗುಟುಕು ಕುಡಿಯುತ್ತಾರೆ.

ಮನೆಗೆ ಬಂದವರಿಗೆ ಕೊಡುವ ಕಾಫಿಗೂ ಬೇರೆ ಬೇರೆ ಹೆಸರುಗಳಿವೆ. ಬಂದೊಡನೆ ಕೊಡುವುದು ಸ್ವಾಗತದ ಕಾಫಿ, ಮಾತಿನ ನಡುವೆ ಬರುವುದು ಹರಟೆಯ ಕಾಫಿ, ಕೊನೆಗೆ ಬರುವುದು 'ಇನ್ನು ಹೊರಡಿ' ಎಂದು ನಗುತ್ತಾ ಸೂಚಿಸುವ ಕಾಫಿ! ನಮ್ಮ ಮನೆಗಳಲ್ಲಿ ಎರಡನೇ ಸಲ ಚಹಾ ಇಡಲೇ ಎಂದು ಕೇಳುವ ಧಾಟಿಯಲ್ಲೇ ಇದೆಲ್ಲ ತಿಳಿದುಬಿಡುತ್ತದೆ, ಹೆಸರು ಮಾತ್ರ ಇಟ್ಟಿಲ್ಲ. ಹೀಗೆ ತನ್ನ ಮನಸ್ಸಿಗೆ ಬಂದಂತೆ, ಅವಸರವಿಲ್ಲದೆ ಅನುಭವಿಸುವ ಸುಖಕ್ಕೆ ಅವರು 'ಚೆಯ್ಫ್' ಎನ್ನುತ್ತಾರೆ. ಅರಬಿಯ 'ಕೈಫ್' ಅದರ ಮೂಲ. ಯಮನ್‌ನಿಂದ ಹೊರಟ ಕಾಫಿ ಒಂದು ಕಡೆ ಉಸ್ಮಾನಿಯರ ಮೂಲಕ ಇಲ್ಲಿಗೆ ಬಂತು. ಇನ್ನೊಂದು ಕಡೆ, ನಮ್ಮಲ್ಲಿ ನಂಬಿಕೊಂಡು ಬಂದಂತೆ, ಬಾಬಾ ಬುಡನ್‌ರ ಮೂಲಕ ಚಿಕ್ಕಮಗಳೂರಿನ ಗಿರಿಗೆ ಬಂತು.

ಊಟದ ಚಿಂತೆ ಬೇಡ. ಬೆರಳುದ್ದದ ಮಾಂಸದ ಕಬಾಬು 'ಚೆವಾಪಿ', ಅದನ್ನು 'ಸೋಮುನ್' ಎಂಬ ಮೆತ್ತನೆಯ ರೊಟ್ಟಿಯೊಳಗೆ ಹಸಿ ಈರುಳ್ಳಿಯ ಜೊತೆ ಕೊಡುತ್ತಾರೆ. ತೆಳು ಹಾಳೆಯಂಥ ಹಿಟ್ಟನ್ನು ಸುರುಳಿ ಸುತ್ತಿ ಬೇಯಿಸಿದ ಪದಾರ್ಥದಲ್ಲಿ ಮಾಂಸವಿದ್ದರೆ ಮಾತ್ರ ಅದು 'ಬುರೆಕ್'. ಚೀಸ್, ಪಾಲಕ್, ಆಲೂಗಡ್ಡೆ ತುಂಬಿದರೆ ಪ್ರತಿಯೊಂದಕ್ಕೂ ಬೇರೆ ಹೆಸರು. ಎಲ್ಲವನ್ನೂ ಬುರೆಕ್ ಎಂದರೆ ಸರಾಯೆವೊದ ಗೃಹಿಣಿಯರು ಒಪ್ಪುವುದಿಲ್ಲ. ಅಕ್ರೋಟು ತುಂಬಿ ಬೇಯಿಸಿದ ಸೇಬು 'ತುಫಾಹಿಯಾ'. ಅರಬಿ ಓದಿದ ಮಕ್ಕಳಿಗೆ 'ತುಫ್ಫಾಹ್' ಎಂದರೆ ಏನೆಂದು ಹೇಳಬೇಕಾಗಿಲ್ಲ.

ನೆರೆಹೊರೆಯ ದೇವಾಲಯಗಳು

ಸರಾಚಿ ಬೀದಿ ಮುಗಿದು ಫರ್ಹಾದಿಯಾ ಬೀದಿ ಆರಂಭವಾಗುವಲ್ಲಿ ನೆಲದ ಮೇಲೆ ಒಂದು ಗೆರೆ ಎಳೆದು, ಸಂಸ್ಕೃತಿಗಳ ಸಂಗಮ ಎಂದು ಬರೆದಿದ್ದಾರೆ. ಪೂರ್ವಕ್ಕೆ ತಿರುಗಿದರೆ ಮಿನಾರ, ತಗ್ಗು ಹೆಂಚಿನ ಅಂಗಡಿ; ಪಶ್ಚಿಮಕ್ಕೆ ತಿರುಗಿದರೆ ವಿಯೆನ್ನಾದ ಮಾದರಿಯ ಮಹಡಿ ಕಟ್ಟಡ. ಹತ್ತು ನಿಮಿಷದ ನಡಿಗೆಯೊಳಗೆ ಹುಸ್ರೆವ್ ಬೇಗ್ ಮಸೀದಿ, 16ನೇ ಶತಮಾನದ ಯಹೂದಿ ಆರಾಧನಾಲಯ, ಹಳೆಯ ಆರ್ಥೊಡಾಕ್ಸ್ ಚರ್ಚ್ ಮತ್ತು 1889ರ ಕ್ಯಾಥೊಲಿಕ್ ಕೆಥೆಡ್ರಲ್ ನಾಲ್ಕೂ ಸಿಗುತ್ತವೆ.

1492ರಲ್ಲಿ ಸ್ಪೇನ್‌ನಿಂದ ಹೊರದಬ್ಬಲ್ಪಟ್ಟ ಯಹೂದಿಗಳಲ್ಲಿ ಅನೇಕರಿಗೆ ಉಸ್ಮಾನಿಯ ನಾಡು ಆಶ್ರಯ ನೀಡಿತು. ಅವರೊಂದಿಗೆ ಬಂದ ಚಿತ್ರಸಹಿತ ಹಸ್ತಪ್ರತಿಯೊಂದು 'ಸರಾಯೆವೊ ಹಗ್ಗಾದಾ' ಎಂಬ ಹೆಸರಿನಿಂದ ಇಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಎರಡನೇ ಮಹಾಯುದ್ಧದಲ್ಲಿ ನಾಝಿಗಳು ಅದನ್ನು ಹುಡುಕಿಕೊಂಡು ಬಂದಾಗ ಪಾರುಮಾಡಿದವರು ಆ ಸಂಗ್ರಹಾಲಯದ ಮುಸ್ಲಿಮ್ ಗ್ರಂಥಪಾಲಕ ದರ್ವೀಶ್ ಕೊರ್ಕುತ್.

ಅದೇ ಕಾಲದ ಒಂದು ಫೋಟೋವನ್ನು ಜಗತ್ತು ಇಂದಿಗೂ ನೋಡುತ್ತಿದೆ. 1941ರ ಸರಾಯೆವೊ ಬೀದಿಯಲ್ಲಿ ಝೈನಬಾ ಹರ್ದಾಗಾ ಎಂಬ ಮುಸ್ಲಿಮ್ ಮಹಿಳೆ ನಡೆದು ಹೋಗುತ್ತಿದ್ದಾರೆ. ಜೊತೆಯಲ್ಲಿರುವ ಯಹೂದಿ ನೆರೆಯಾಕೆಯ ತೋಳಿನ ಹಳದಿ ನಕ್ಷತ್ರ ಕಾಣದಂತೆ ತಮ್ಮ ಮುಸುಕನ್ನು ಅಡ್ಡ ಹಿಡಿದಿದ್ದಾರೆ. ಆ ನಕ್ಷತ್ರ ಕಂಡರೆ ಬಂಧನ, ಬಂಧನವಾದರೆ ಸಾವು. ಝೈನಬಾರ ಕುಟುಂಬ ಒಂದು ಯಹೂದಿ ಕುಟುಂಬವನ್ನು ತಮ್ಮ ಮನೆಯಲ್ಲೇ ಅಡಗಿಸಿಟ್ಟಿತ್ತು. ಯಹೂದಿಗಳಿಗೆ ನೆರವಾದ ಕಾರಣಕ್ಕೆ ಅವರ ತಂದೆಯೇ ಕೊಲ್ಲಲ್ಪಟ್ಟರು. ಐದು ದಶಕಗಳ ಬಳಿಕ ಸರಾಯೆವೊ ಮುತ್ತಿಗೆಯಲ್ಲಿದ್ದಾಗ, ಅಂದು ಬದುಕುಳಿದ ಆ ಯಹೂದಿ ಕುಟುಂಬವೇ ವೃದ್ಧೆ ಝೈನಬಾರನ್ನು ಪಾರುಮಾಡಲು ಓಡಾಡಿತು. 1994ರಲ್ಲಿ ಅವರು ಮುತ್ತಿಗೆಯಿಂದ ಹೊರಬಂದರು. ನೆರೆಹೊರೆಯ ಹಕ್ಕನ್ನು ಪ್ರವಾದಿಯವರು(ಸ) ಎಷ್ಟು ಒತ್ತಿ ಹೇಳಿದ್ದಾರೆಂದು ನಾವು ಮಕ್ಕಳಿಗೆ ಪಾಠ ಮಾಡುತ್ತೇವೆ. ಆ ಪಾಠಕ್ಕೆ ಈ ಫೋಟೋ ಒಳ್ಳೆಯ ಉದಾಹರಣೆ.

ನದಿಯ ದಡದಲ್ಲಿ

ಅಲ್ಲಿಂದ ನದಿಗೆ ಇಳಿದರೆ ಲ್ಯಾಟಿನ್ ಸೇತುವೆ. ಉಸ್ಮಾನಿಯ ಕಾಲದ ಸಣ್ಣ ಕಲ್ಲು ಸೇತುವೆ. 1914ರ ಜೂನ್ 28ರಂದು ಇದರ ಎದುರಿನ ಮೂಲೆಯಲ್ಲಿ ಗಾವ್ರಿಲೊ ಪ್ರಿನ್ಸಿಪ್ ಎಂಬ ಯುವಕ ಆಸ್ಟ್ರಿಯಾದ ಯುವರಾಜ ಫ್ರಾನ್ಸ್ ಫರ್ಡಿನಾಂಡ್ ಮತ್ತು ಅವರ ಪತ್ನಿ ಸೋಫಿಯನ್ನು ಗುಂಡಿಟ್ಟು ಕೊಂದ. ಒಂದು ತಿಂಗಳೊಳಗೆ ಮೊದಲ ಮಹಾಯುದ್ಧ ಸಿಡಿಯಿತು. ಬ್ರಿಟಿಷರ ಪರವಾಗಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಆ ಯುದ್ಧದಲ್ಲಿ ದುಡಿದರು. ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ 1918ರಲ್ಲಿ ದೂರದ ಹೈಫಾದಲ್ಲಿ ಹೋರಾಡಿತು. ಈ ಪುಟ್ಟ ಸೇತುವೆಯ ಬಳಿ ಹಾರಿದ ಗುಂಡಿನ ಸದ್ದು ಮೈಸೂರಿನವರೆಗೂ ತಲುಪಿತ್ತು ಎನ್ನಬೇಕು.

ದಡ ಹಿಡಿದು ಪೂರ್ವಕ್ಕೆ ನಡೆದರೆ ವಿಯೆಚ್ನಿತ್ಸಾ. 1896ರಲ್ಲಿ ಪುರಸಭೆಗಾಗಿ ತೆರೆದ, ಸ್ಪೇನ್‌ನ ಮೂರಿಶ್ ಶೈಲಿಯ ಕಮಾನುಗಳ ಭವನ. ಇದನ್ನು ಕಟ್ಟುವಾಗ ಈ ಜಾಗದಲ್ಲಿದ್ದ ಮನೆಯ ಒಡೆಯ ಒಂದು ಹಟ ಹಿಡಿದರಂತೆ. ಒಂದು ಚೀಲ ಚಿನ್ನದ ನಾಣ್ಯ ಕೊಡಬೇಕು, ಮನೆಯ ಒಂದೊಂದು ಇಟ್ಟಿಗೆಯನ್ನೂ ಬಿಚ್ಚಿ ನದಿಯಾಚೆ ಮರಳಿ ಜೋಡಿಸಿಕೊಡಬೇಕು. ಸರಕಾರ ಕೊನೆಗೆ ಒಪ್ಪಿತು. ಆ 'ಹಟದ ಮನೆ' ಈಗಲೂ ಆಚೆ ದಡದಲ್ಲಿದೆ, ಅದೀಗ ಹೋಟೆಲು.

ವಿಯೆಚ್ನಿತ್ಸಾ ಮುಂದೆ ರಾಷ್ಟ್ರೀಯ ಗ್ರಂಥಾಲಯವಾಯಿತು. 1992ರ ಆಗಸ್ಟ್ 25ರ ರಾತ್ರಿ ಬೆಟ್ಟದ ಮೇಲಿನಿಂದ ಸುರಿದ ಶೆಲ್ಲುಗಳಿಗೆ ಅದು ಹೊತ್ತಿಕೊಂಡಿತು. ಗ್ರಂಥಪಾಲಕರೂ ಊರವರೂ ಸಾಲಾಗಿ ನಿಂತು ಕೈಯಿಂದ ಕೈಗೆ ಪುಸ್ತಕಗಳನ್ನು ದಾಟಿಸಿದರು. ಆದರೆ ಸಂಗ್ರಹದ ಬಹುಭಾಗ, ಲಕ್ಷಗಟ್ಟಲೆ ಗ್ರಂಥಗಳು, ಬೂದಿಯಾಯಿತು. ಅಲ್ಲಿನ ಸಿಬ್ಬಂದಿಯಾಗಿದ್ದ ಐದಾ ಬುತುರೊವಿಚ್ ಎಂಬ ಯುವತಿ ಆ ದಾಳಿಯ ಹೊತ್ತಿನಲ್ಲೇ ಪ್ರಾಣ ಕಳೆದುಕೊಂಡರು. ಸುಟ್ಟ ಹಾಳೆಗಳ ಕರಿ ಊರಿನ ಮೇಲೆ ಮಳೆಯಂತೆ ಬಿತ್ತು. 2014ರ ಮೇ ತಿಂಗಳಲ್ಲಿ ಭವನ ದುರಸ್ತಿಯಾಗಿ ಮತ್ತೆ ತೆರೆಯಿತು. ಕಟ್ಟಡ ಬಂತು, ಪುಸ್ತಕಗಳು ಬರಲಿಲ್ಲ.

ನಡೆಯುವುದೇ ಅಪಾಯವಾಗಿದ್ದ ದಿನಗಳು

ಯುಗೊಸ್ಲಾವಿಯಾ ಒಡೆದು ಬೋಸ್ನಿಯಾ ಸ್ವತಂತ್ರವಾದಾಗ ಬೋಸ್ನಿಯನ್ ಸರ್ಬ್ ಪಡೆಗಳು ಸುತ್ತಲಿನ ಬೆಟ್ಟಗಳನ್ನು ಹಿಡಿದು ನಗರಕ್ಕೆ ಮುತ್ತಿಗೆ ಹಾಕಿದವು. 1992ರ ಏಪ್ರಿಲ್ 5ರಿಂದ 1996ರ ಫೆಬ್ರವರಿ 29ರವರೆಗೆ, ಒಟ್ಟು 1425 ದಿನ. ಮೊದಲ ದಿನವೇ ವ್ರ್ಬಾನ್ಯಾ ಸೇತುವೆಯ ಮೇಲೆ ಶಾಂತಿಗಾಗಿ ಮೆರವಣಿಗೆ ಹೊರಟಿದ್ದ ಇಬ್ಬರು ಮಹಿಳೆಯರು, ಸುಆದಾ ಮತ್ತು ಓಲ್ಗಾ, ಗುಂಡಿಗೆ ಬಲಿಯಾದರು. ಒಬ್ಬಾಕೆ ಮುಸ್ಲಿಮ್, ಇನ್ನೊಬ್ಬಾಕೆ ಕ್ರೈಸ್ತೆ. ಸೇತುವೆಗೆ ಈಗ ಇಬ್ಬರದೂ ಹೆಸರು.

ಬಟ್ಟಲಿನಂಥ ಊರು ಎಂದೆನಲ್ಲ, ಆ ಬಟ್ಟಲಿನ ಅಂಚಿನಲ್ಲಿ ಬಂದೂಕು ಹಿಡಿದು ಕುಳಿತವನಿಗೆ ಕೆಳಗಿನ ಪ್ರತಿಯೊಂದು ಬೀದಿಯೂ ಕಾಣುತ್ತಿತ್ತು. ಹಗಲು ರಸ್ತೆ ದಾಟಬೇಕಾದರೆ ಓಡಬೇಕು. ಗುರಿ ತಪ್ಪಿಸಲು ಬೀದಿಗಳಿಗೆ ಅಡ್ಡಲಾಗಿ ಕಂಬಳಿ ಕಟ್ಟಿದರು, ಕಂಟೇನರ್ ನಿಲ್ಲಿಸಿದರು. ಕರೆಂಟಿಲ್ಲ, ನಲ್ಲಿಯಲ್ಲಿ ನೀರಿಲ್ಲ. ಉದ್ಯಾನದ ಮರಗಳು ಚಳಿಗಾಲದ ಸೌದೆಯಾದವು. ಕ್ಯಾನುಗಳನ್ನು ಹಿಡಿದು ನೀರಿನ ಸಾಲಿನಲ್ಲಿ ನಿಂತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು. 1992ರ ಮೇ 27ರಂದು ಇದೇ ಫರ್ಹಾದಿಯಾ ಬೀದಿಯಲ್ಲಿ ಬ್ರೆಡ್ಡಿನ ಸಾಲಿನ ಮೇಲೆ ಶೆಲ್ ಬಿದ್ದು ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. 1994ರ ಫೆಬ್ರವರಿ 5ರಂದು ಮಾರ್ಕಲೆ ತರಕಾರಿ ಮಾರುಕಟ್ಟೆಯಲ್ಲಿ ಒಂದೇ ಶೆಲ್ 68 ಮಂದಿಯನ್ನು ಕೊಂದಿತು. ಆ ಮಾರುಕಟ್ಟೆ ಈಗಲೂ ನಡೆಯುತ್ತಿದೆ. ಟೊಮೆಟೊ, ಚೀಸು ಕೊಳ್ಳುವವರ ಹಿಂದೆ ಗೋಡೆಯ ಮೇಲೆ ಸತ್ತವರ ಹೆಸರುಗಳಿವೆ.

ನಡೆಯುವಾಗ ನೆಲ ನೋಡಿ ನಡೆಯಿರಿ. ಅಲ್ಲಲ್ಲಿ ಹೂವಿನ ಎಸಳಿನಂತೆ ಚೂರಾದ ಕಾಂಕ್ರೀಟಿಗೆ ಕೆಂಪು ರಾಳ ತುಂಬಿಸಿದ್ದಾರೆ. ಜನ ಅದನ್ನು 'ಸರಾಯೆವೊದ ಗುಲಾಬಿ' ಎನ್ನುತ್ತಾರೆ. ಅಲ್ಲಿ ಶೆಲ್ ಬಿದ್ದು ಜನ ಸತ್ತಿದ್ದರು ಎಂಬುದರ ಗುರುತು. 2012ರ ಏಪ್ರಿಲ್ 6ರಂದು ಮುಖ್ಯ ಬೀದಿಯಲ್ಲಿ 11,541 ಕೆಂಪು ಕುರ್ಚಿಗಳನ್ನು ಖಾಲಿ ಇಟ್ಟರು, ಸತ್ತವರಿಗೆ ಒಂದೊಂದು. ಮಕ್ಕಳಿಗಾಗಿ ಸಣ್ಣ ಕುರ್ಚಿಗಳಿದ್ದವು. ದಾರಿಯಲ್ಲಿ ಹೋಗುವವರು ಅವುಗಳ ಮೇಲೆ ಆಟಿಕೆ ಇಟ್ಟು ಹೋದರು.

ಮುತ್ತಿಗೆಯೊಳಗಿದ್ದವರು ಮುಸ್ಲಿಮರು ಮಾತ್ರವಲ್ಲ. ಕ್ರೊವಾಟರೂ ಯಹೂದಿಗಳೂ ಸರ್ಬರೂ ಅದೇ ಹಸಿವು, ಅದೇ ಗುಂಡುಗಳಡಿ ಬದುಕಿದರು. ನಗರವನ್ನು ಕಾಪಾಡಿದ ಸೇನಾಧಿಕಾರಿಗಳಲ್ಲಿ ಪ್ರಮುಖರಾದ ಯೊವಾನ್ ದಿವ್ಯಾಕ್ ಹುಟ್ಟಿನಿಂದ ಸರ್ಬ್. ಯುದ್ಧದಲ್ಲಿ ಅನಾಥರಾದ ಮಕ್ಕಳ ಓದಿಗಾಗಿ 1994ರಲ್ಲಿ ಅವರು ಒಂದು ಸಂಸ್ಥೆ ಕಟ್ಟಿದರು. 2021ರಲ್ಲಿ ತೀರಿಕೊಳ್ಳುವವರೆಗೂ ಅದರ ಕೆಲಸದಲ್ಲಿದ್ದರು. ಒಂದು ಜನಾಂಗವನ್ನು ಇಡಿಯಾಗಿ ದ್ವೇಷಿಸುವುದು ಸುಲಭ, ಆದರೆ ಅದು ಸುಳ್ಳು ಎಂಬುದಕ್ಕೆ ಇಂಥವರ ಬದುಕೇ ಸಾಕ್ಷಿ. ಅಪರಾಧಕ್ಕೆ ಹೊಣೆಯಾದವರನ್ನು ಹೆಸರು ಹಿಡಿದೇ ವಿಚಾರಿಸಲಾಯಿತು. ಕರಾಜಿಚ್ ಮತ್ತು ಮ್ಲಾದಿಚ್‌ರಿಗೆ ಅಂತಾರಾಷ್ಟ್ರೀಯ ನ್ಯಾಯಾಲಯದ ಅಂತಿಮ ತೀರ್ಪು 2019 ಮತ್ತು 2021ರಲ್ಲಿ ಬಂತು, ಇಬ್ಬರಿಗೂ ಜೀವಾವಧಿ ಶಿಕ್ಷೆ.

ಮಕ್ಕಳೊಂದಿಗೆ ಹೋಗುವವರು 2017ರಲ್ಲಿ ತೆರೆದ 'ಯುದ್ಧಕಾಲದ ಬಾಲ್ಯ' ಸಂಗ್ರಹಾಲಯ ನೋಡಬೇಕು. ಅಲ್ಲಿ ಬಂದೂಕುಗಳಿಲ್ಲ. ಗೊಂಬೆ, ಡೈರಿ, ಬಟ್ಟೆಬರೆಗಳಂಥ ಸಣ್ಣ ವಸ್ತುಗಳಿವೆ. ಪ್ರತಿಯೊಂದರ ಪಕ್ಕದಲ್ಲೂ ಅದರ ಒಡೆಯನಾದ ಮಗು ದೊಡ್ಡವನಾಗಿ ಹೇಳಿದ ನಾಲ್ಕು ಮಾತು. ವಿಮಾನ ನಿಲ್ದಾಣದ ಬಳಿಯ ಸುರಂಗ ಸಂಗ್ರಹಾಲಯಕ್ಕೆ ಮಾತ್ರ ವಾಹನ ಬೇಕು. 1993ರಲ್ಲಿ ರನ್‌ವೇಯ ಕೆಳಗೆ ಸುಮಾರು 800 ಮೀಟರ್ ಉದ್ದ ಅಗೆದ ಈ ಸುರಂಗ ಆಳೆತ್ತರವೂ ಇರಲಿಲ್ಲ. ಆಹಾರ, ಔಷಧ, ಗಾಯಾಳುಗಳು ಎಲ್ಲವೂ ಈ ಕತ್ತಲ ದಾರಿಯಲ್ಲಿ ಬೆನ್ನು ಬಾಗಿಸಿ ನಡೆದವರ ಮೂಲಕವೇ ಸಾಗಿದವು.

ಮಹಾಲಾದ ಏರು ಹಾದಿ

ಭಾರವಾದ ಮನಸ್ಸಿಗೆ ಸ್ವಲ್ಪ ಏರು ನಡಿಗೆ ಒಳ್ಳೆಯದು. ಹಳೆಯ ಪೇಟೆಯ ಹಿಂದೆ ಗುಡ್ಡದ ಮೇಲೆ ಹರಡಿರುವುದೇ ಮಹಾಲಾಗಳು. ಮಸೀದಿಯ ಸುತ್ತ ಕೆಲವು ಹತ್ತು ಮನೆ, ಒಂದು ನೀರಿನ ತೊಟ್ಟಿ, ಒಂದು ಬೇಕರಿ. ಇಳಿಜಾರಿನಲ್ಲಿ ಮನೆ ಕಟ್ಟುವಾಗ ಹಿಂದಿನ ಮನೆಯವರ ನೋಟಕ್ಕೆ ಅಡ್ಡಿಯಾಗಬಾರದು ಎಂಬುದು ಹಳೆಯ ರೂಢಿ. ಸೈಟಿನ ಕೊನೆಯ ಅಂಗುಲದವರೆಗೆ ಗೋಡೆ ಎಬ್ಬಿಸಿ ನೆರೆಮನೆಯ ಬೆಳಕು ಮುಚ್ಚುವ ನಮ್ಮ ಪೇಟೆಗಳಿಗೆ ಇದರಲ್ಲೊಂದು ಪಾಠವಿದೆ.

18ನೇ ಶತಮಾನದ ಸ್ವ್ರ್ಝೊ ಮನೆ ಈಗ ಸಂಗ್ರಹಾಲಯ. ಅತಿಥಿಗಳಿಗೆ ಒಂದು ಅಂಗಳ, ಮನೆಯ ಹೆಂಗಸರಿಗೂ ಮಕ್ಕಳಿಗೂ ಇನ್ನೊಂದು. ಮರದ ಜಗಲಿ, ಗೋಡೆಯ ಉದ್ದಕ್ಕೂ ಮೆತ್ತೆ ಹಾಕಿದ ಆಸನ, ಕಿಟಕಿಗೆ ಮರದ ಜಾಲಂಧ್ರ. ಇನ್ನೂ ಮೇಲೆ ಹೋದರೆ ಕೊವಾಚಿಯ ಖಬರಸ್ಥಾನ, ಬಿಳಿ ಮೀಸಾನು ಕಲ್ಲುಗಳ ಸಾಲು. ಬೋಸ್ನಿಯಾದ ಮೊದಲ ಅಧ್ಯಕ್ಷ ಅಲಿಯಾ ಇಝೆತ್‌ಬೆಗೊವಿಚ್ 2003ರಿಂದ ಅವರ ನಡುವೆಯೇ ಮಲಗಿದ್ದಾರೆ.

ಅದರಾಚೆ 'ಹಳದಿ ಕೋಟೆ'ಯ ದಿಬ್ಬ. ರಮಝಾನ್‌ನ ಸಂಜೆಗಳಲ್ಲಿ ಇಲ್ಲಿಗೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಮಗ್ರಿಬ್‌ನ ಹೊತ್ತಿಗೆ ಕೋಟೆಯಿಂದ ಒಂದು ತೋಪು ಹಾರುತ್ತದೆ, ಕೆಳಗಿನ ಮಿನಾರಗಳಲ್ಲಿ ದೀಪ ಹೊತ್ತಿಕೊಳ್ಳುತ್ತವೆ, ಹುಲ್ಲಿನ ಮೇಲೆ ಕುಳಿತವರು ಬಿಸಿ ಸೋಮುನ್ ಮುರಿದು ಇಫ್ತಾರ್ ಮಾಡುತ್ತಾರೆ. ಒಂದು ಕಾಲದಲ್ಲಿ ಬೆಟ್ಟದ ಸದ್ದು ಎಂದರೆ ಸಾವು ಎಂದು ತಿಳಿದಿದ್ದ ಊರಿನ ಮಕ್ಕಳು ಇಂದು ಆ ಸದ್ದಿಗಾಗಿ ಕಾದು ಕುಳಿತು ಚಪ್ಪಾಳೆ ತಟ್ಟುತ್ತಾರೆ.

ಇನ್ನೊಂದು ದಿನವಿದ್ದರೆ ಟ್ರೆಬೆವಿಚ್ ಬೆಟ್ಟಕ್ಕೆ ಕೇಬಲ್ ಕಾರು. 1959ರಲ್ಲಿ ಆರಂಭವಾಗಿ ಯುದ್ಧದಲ್ಲಿ ನಾಶವಾದ ಇದು 2018ರ ಏಪ್ರಿಲ್ 6ರಂದು ಮತ್ತೆ ಓಡತೊಡಗಿತು. ಮೇಲೆ 1984ರ ಚಳಿಗಾಲದ ಒಲಿಂಪಿಕ್ಸ್‌ಗಾಗಿ ಕಟ್ಟಿದ ಬಾಬ್‌ಸ್ಲೆಡ್ ಕಾಲುವೆ ಕಾಡಿನ ನಡುವೆ ಪಾಳುಬಿದ್ದಿದೆ, ಮೈತುಂಬ ಬಣ್ಣದ ಚಿತ್ರಗಳು. ಬೋಸ್ನಾ ನದಿ ಹುಟ್ಟುವ ತಾಣಕ್ಕೆ ಟ್ರಾಮ್ ಹಿಡಿದು ಇಲಿಜಾಗೆ ಹೋಗಿ, ಅಲ್ಲಿಂದ ಸಾಲುಮರಗಳ ನಡುವೆ ಮೂರು ಕಿಲೋಮೀಟರಿಗೂ ಹೆಚ್ಚು ನಡೆದು ಸೇರಬಹುದು. ಬೆಟ್ಟದ ಬುಡದಿಂದ ತಣ್ಣನೆಯ ನೀರು ಉಕ್ಕುತ್ತದೆ. ಮಕ್ಕಳಿಗೆ ಇದೇ ಹೆಚ್ಚು ಇಷ್ಟವಾಗುವ ಜಾಗ.

ಹೊರಡುವವರಿಗೆ

ಭಾರತದಿಂದ ನೇರ ವಿಮಾನವಿಲ್ಲ. ಇಸ್ತಾಂಬುಲ್ ಅಥವಾ ಗಲ್ಫ್ ಮಾರ್ಗವಾಗಿ ಹೋಗಬೇಕು. ಗಲ್ಫ್‌ನಲ್ಲಿರುವ ನಮ್ಮ ಕುಟುಂಬಗಳಿಗೆ ಹೀಗಾಗಿ ಹತ್ತಿರ. ವೀಸಾ ನಿಯಮಗಳನ್ನು ಟಿಕೆಟ್ ಕೊಳ್ಳುವ ಮೊದಲೇ ರಾಯಭಾರ ಕಚೇರಿಯಲ್ಲಿ ವಿಚಾರಿಸಿ. ನಾಣ್ಯ 'ಮಾರ್ಕ್', ಒಂದು ಯೂರೋಗೆ ಹತ್ತಿರ ಹತ್ತಿರ ಎರಡು ಮಾರ್ಕ್. ಏಪ್ರಿಲ್‌ನಿಂದ ಅಕ್ಟೋಬರ್ ಒಳ್ಳೆಯ ಕಾಲ. ಚಳಿಗಾಲದಲ್ಲಿ ಹಿಮದ ಜೊತೆಗೆ ಕಣಿವೆಯಲ್ಲಿ ಹೊಗೆ ಕಟ್ಟುತ್ತದೆ, ಉಬ್ಬಸವಿರುವವರಿಗೆ ಒಳ್ಳೆಯದಲ್ಲ. ಕಲ್ಲು ಹಾಸಿದ ಏರು ದಾರಿಗಳು ಮಳೆಗೆ ಜಾರುತ್ತವೆ, ಗಟ್ಟಿ ಹಿಡಿತದ ಬೂಟು ಬೇಕು. ಬೆಟ್ಟಗಳಲ್ಲಿ ಗುರುತು ಹಾಕಿದ ದಾರಿ ಬಿಟ್ಟು ಎಂದೂ ಹೋಗಬೇಡಿ. ಯುದ್ಧಕಾಲದ ನೆಲಬಾಂಬುಗಳು ದೇಶದ ಕೆಲವೆಡೆ ಇನ್ನೂ ಉಳಿದಿವೆ. ಹಳೆಯ ಪೇಟೆಯಿಂದ ಹೊರಗಿನ ಹೋಟೆಲುಗಳಲ್ಲಿ ಹಲಾಲ್ ಬಗ್ಗೆ ಕೇಳಿ ತಿಳಿದುಕೊಳ್ಳಿ. ಯುದ್ಧದ ಬಗ್ಗೆ ಊರವರನ್ನು ನೀವಾಗಿ ಕೆದಕಬೇಡಿ. ಅವರಾಗಿ ಹೇಳಿದರೆ ಕೇಳಿ.

ಎಲ್ಲರಿಗೂ ಸರಾಯೆವೊಗೆ ಹೋಗುವ ಅನುಕೂಲ ಇರುವುದಿಲ್ಲ, ನಿಜ. ಆದರೆ ಭೂಮಿಯಲ್ಲಿ ಸಂಚರಿಸಿ, ಹಿಂದಿನವರಿಗೆ ಏನಾಯಿತೆಂದು ನೋಡಿ ಪಾಠ ಕಲಿಯುವಂತೆ ಕುರ್‌ಆನ್ ಮತ್ತೆ ಮತ್ತೆ ಹೇಳುವುದು ವಿಮಾನ ಹತ್ತುವವರಿಗೆ ಮಾತ್ರವಲ್ಲ. ನಮ್ಮ ನಮ್ಮ ಊರಿನ ಹಳೆಯ ಮಸೀದಿಯನ್ನು ಯಾರು ಕಟ್ಟಿಸಿದರು, ಅದಕ್ಕೆ ಗದ್ದೆ ಬಿಟ್ಟುಕೊಟ್ಟವರು ಯಾರು, ಊರ ಬಾವಿ ಯಾರ ಹೆಸರಿನ ವಕ್ಫ್, ಪಕ್ಕದ ಬೀದಿಯ ಗುಡಿಯವರಿಗೂ ನಮ್ಮ ಹಿರಿಯರಿಗೂ ಯಾವ ಸಂಬಂಧವಿತ್ತು? ಒಂದು ರಜಾದಿನ ಮಕ್ಕಳ ಕೈ ಹಿಡಿದು ನಿಧಾನವಾಗಿ ನಡೆದರೆ, ಜಗಲಿಯಲ್ಲಿ ಕುಳಿತ ಹಿರಿಯರನ್ನು ಕೇಳಿದರೆ ಇವೆಲ್ಲ ತಿಳಿಯುತ್ತವೆ. ನೆರೆಯವರನ್ನು ಅರಿತ ಮಕ್ಕಳು ನಾಳೆ ಯಾರೋ ಹಬ್ಬಿಸುವ ದ್ವೇಷಕ್ಕೆ ಸುಲಭವಾಗಿ ಕಿವಿಗೊಡುವುದಿಲ್ಲ. ಭಯವಿಲ್ಲದೆ ಬೀದಿಯಲ್ಲಿ ನಡೆಯುವುದು ಎಷ್ಟು ದೊಡ್ಡ ಅನುಗ್ರಹ ಎಂಬುದು ಅದನ್ನು 1425 ದಿನ ಕಳೆದುಕೊಂಡವರಿಗೆ ಗೊತ್ತು. ಕಳೆದುಕೊಳ್ಳುವ ಮೊದಲೇ ಅದನ್ನು ಅರಿತು ಕಾಪಾಡಿಕೊಳ್ಳುವುದು ನಮ್ಮ ಕೆಲಸ.